ಫೋಟೋದ ಅಂಚಿನಲ್ಲಿ ಒಬ್ಬಾಕೆ

ಹೋದ ದೀಪಾವಳಿಗೆ ಊರಿಗೆ ಹೋದಾಗ ನನ್ನ ತಂಗಿಯ ಮಗ ನಡುಮನೆ ಗೋಡೆಯ ಹಳೇ ಫೋಟೋ ಇಳಿಸಿದ. ಅದನ್ನು ಮೊಬೈಲ್‌ನಲ್ಲಿ ತೆಗೆದು, ಯಾವುದೋ ಆ್ಯಪ್‌ಗೆ ಹಾಕಿ ಬಣ್ಣ ತುಂಬಿಸಿದ. ಎರಡು ನಿಮಿಷದ ಕೆಲಸ. ಬೂದಿ ಬಣ್ಣದ ಆಕಾಶ ನೀಲಿಯಾಯಿತು. ತಾತನ ರುಮಾಲು ಕೇಸರಿಯಾಯಿತು. ನೆಲ್ಲಿನ ರಾಶಿಗೆ ಬಂಗಾರದ ಹೊಳಪು ಬಂತು. ಮನೆಯವರೆಲ್ಲ ಮೊಬೈಲ್ ಸುತ್ತ ಸೇರಿದರು. ಅವ್ವನ ಕಣ್ಣು ತುಂಬಿ ಬಂತು. "ಮಾವನೋರು ಈಗ ಎದ್ದು ಮಾತಾಡ್ತಾರ ಅನ್ನಂಗ ಅದಾರ ನೋಡು" ಅಂದಳು. ನನಗೂ ಖುಷಿಯಾಯಿತು. ಆದರೆ ಏನೋ ಕಡಿಮೆ ಬಿದ್ದಿದೆ ಅನಿಸುತ್ತಲೇ ಇತ್ತು. ಹಳೇ ಫೋಟೋವನ್ನೂ ಮೊಬೈಲನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಹಳೇ ಫೋಟೋದ ಬಲಗಡೆ ಅಂಚಿನಲ್ಲಿ ಒಂದು ಮಸುಕಿದೆ. ಹತ್ತಿರ ಹಿಡಿದರೆ ಅದು ಒಬ್ಬ ಹೆಂಗಸು. ಅರ್ಧ ಮೈ ಮಾತ್ರ ಒಳಗೆ ಬಂದಿದೆ. ಕೈ ಮೇಲೆತ್ತಿದ್ದಾಳೆ, ಕೈಯಲ್ಲಿ ಮರ, ಅಂದರೆ ಮೊರ, ಇದೆ, ನೆಲ್ಲು ತೂರುತ್ತಿದ್ದಾಳೆ. ಮೊಬೈಲ್‌ನಲ್ಲಿ ಆಕೆ ಇರಲಿಲ್ಲ. ಆ್ಯಪ್ ಅವಳನ್ನು ಕಲೆ ಅಂತ ತಿಳಿದು ಒರೆಸಿ, ಆ ಜಾಗದಲ್ಲಿ ಹುಲ್ಲು ತುಂಬಿತ್ತು.

"ಮಾವ, ಅದು ಕಲೆ ಅಲ್ಲೇನು?" ಅಂದ ಹುಡುಗ. ಅವನ ತಪ್ಪೇನಿಲ್ಲ. ನಲವತ್ತು ವರ್ಷ ಆ ಫೋಟೋದ ಕೆಳಗೆ ಕೂತು ಉಂಡವನು ನಾನು. ನಾನೂ ಯಾವತ್ತೂ ಆಕೆಯನ್ನು ಸರಿಯಾಗಿ ನೋಡಿರಲಿಲ್ಲ. ಅವ್ವನನ್ನು ಕೇಳಿದೆ, ಗೊತ್ತಿಲ್ಲ ಅಂದಳು. ಆಕೆ ಈ ಮನೆಗೆ ಸೊಸೆಯಾಗಿ ಬಂದದ್ದು ಆಮೇಲೆ. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಆಳಿನ ಪೈಕಿ ಯಾರೋ ಇರಬೇಕು" ಅಂದರು. ಅಷ್ಟೇ. ಆವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ಫೋಟೋ ಹಿಂದೆ ಪೆನ್ಸಿಲ್‌ನಲ್ಲಿ 1969 ಅಂತ ಬರೆದಿದೆ. ನಮ್ಮೂರು ಗಂಗಾವತಿ ಮತ್ತು ಕಾರಟಗಿ ನಡುವೆ, ತುಂಗಭದ್ರಾ ಎಡದಂಡೆ ಕಾಲುವೆಯ ಮಗ್ಗುಲಲ್ಲಿದೆ. ಆಗ ಅದು ರಾಯಚೂರು ಜಿಲ್ಲೆ. ಕೊಪ್ಪಳ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಫೋಟೋದಲ್ಲಿ ತಾತ ಕಣದ ನಡುವೆ ಕಟ್ಟಿಗೆ ಕುರ್ಚಿ ಮೇಲೆ ಕೂತಿದ್ದಾನೆ. ಅಂಗಿ ತೋಳನ್ನು ಸ್ವಲ್ಪ ಮೇಲೆ ಸರಿಸಿದ್ದಾನೆ, ಗಡಿಯಾರ ಕಾಣಲಿ ಅಂತ. ತೊಡೆ ಮೇಲೆ ರೇಡಿಯೋ. ಹಿಂದೆ ಅಮ್ಮ, ಅಂದರೆ ಅಪ್ಪನ ತಾಯಿ, ತಲೆ ತುಂಬ ಸೆರಗು ಹೊದ್ದು ನಿಂತಿದ್ದಾಳೆ. ಪಕ್ಕದಲ್ಲಿ ಅಪ್ಪ, ಚಡ್ಡಿ ಹಾಕಿದ ಹುಡುಗ. ಅವರ ಪಕ್ಕ ಎರಡು ಜಡೆಯ ನನ್ನ ಸೋದರತ್ತೆ. ಇವರೆಲ್ಲರ ಮುಂದೆ ನೆಲ್ಲಿನ ರಾಶಿ. ಗಂಗಾವತಿಯಿಂದ ಫೋಟೋದವನನ್ನು ಬಂಡಿಯಲ್ಲಿ ಕೂರಿಸಿಕೊಂಡು ಬಂದಿದ್ದರಂತೆ. ಇಡೀ ಊರಿಗೆ ಅದೊಂದು ಸುದ್ದಿ.

ನಿಂತವರು, ನಿಲ್ಲದವರು

ಹಂಪಿಯ ಹಳೇ ಫೋಟೋಗಳ ಬಗ್ಗೆ ನಿಮಗೆ ಗೊತ್ತಿರಬಹುದು. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಗುಡಿ, ಮಂಟಪಗಳ ಚಿತ್ರ ತೆಗೆದ. ಆಗ ಫಿಲ್ಮ್ ಇರಲಿಲ್ಲ. ಆತ ಬಳಸಿದ್ದು ಕಾಗದದ ನೆಗೆಟಿವ್. ಆ ಕಾಗದಕ್ಕೆ ಬೆಳಕು ಹೀರಲು ಬಹಳ ಹೊತ್ತು ಬೇಕು. ಅಷ್ಟು ಹೊತ್ತು ಅಲುಗಾಡದೆ ನಿಂತದ್ದು ಮಾತ್ರ ಚಿತ್ರದಲ್ಲಿ ಉಳಿಯುತ್ತದೆ. ಕಲ್ಲು ನಿಲ್ಲುತ್ತದೆ. ಕುರಿ ಹೊಡೆದುಕೊಂಡು ಹೋಗುವವನು, ನೀರಿನ ಕೊಡ ಹೊತ್ತವಳು ನಿಲ್ಲುವುದಿಲ್ಲ. ಕ್ಯಾಮೆರಾ ಎದುರು ಹಾದುಹೋದರೂ ಅವರ ಗುರುತು ಕಾಗದದ ಮೇಲೆ ಬೀಳುವುದಿಲ್ಲ. ನಾನು ನೋಡಿದ ಆ ಚಿತ್ರಗಳಲ್ಲಿ ಹಂಪಿ ಬಿಕೋ ಅನ್ನುತ್ತದೆ. ಹಾಳು ಹಂಪಿ ಅಂತ ನಾವು ಹೇಳುತ್ತೇವಲ್ಲ, ಅದಕ್ಕೆ ಸಾಕ್ಷಿ ಕೊಟ್ಟ ಹಾಗೆ. ಆದರೆ ಆಗಲೂ ಅಲ್ಲಿ ಜನ ಇದ್ದರು. ವಿರೂಪಾಕ್ಷನಿಗೆ ಪೂಜೆ ನಡೆಯುತ್ತಿತ್ತು. ಹೊಳೆಯಲ್ಲಿ ಹರಿಗೋಲು ಓಡಾಡುತ್ತಿತ್ತು. ಈಚೆ ದಡದ ಆನೆಗೊಂದಿಯಲ್ಲಿ ಒಲೆ ಉರಿಯುತ್ತಿತ್ತು. ಚಿತ್ರದಲ್ಲಿ ಇಲ್ಲ ಅಂದ ಮಾತ್ರಕ್ಕೆ ಇರಲಿಲ್ಲ ಅಂತ ಅಲ್ಲ ಅಲ್ವಾ.

1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಚಿತ್ರ ತೆಗೆದ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಎದೆ ಝಲ್ ಅನ್ನುತ್ತದೆ. ಅದೇ ಬಂಡೆ, ಅದೇ ಕಂಬ, ನಡುವೆ ನೂರಿಪ್ಪತ್ತೈದಕ್ಕೂ ಜಾಸ್ತಿ ವರ್ಷ. ಏನು ಬದಲಾಯಿತು ಅಂತ ಬೆರಳಿಟ್ಟು ತೋರಿಸಬಹುದು. ಆದರೆ ಹೇಗೆ ಬದಲಾಯಿತು, ಯಾರ ಮನೆಯಲ್ಲಿ ಏನು ಕಳೆಯಿತು, ಯಾರಿಗೆ ಏನು ದಕ್ಕಿತು, ಅದು ಆ ಎರಡು ಚಿತ್ರಗಳ ನಡುವಿನ ಜಾಗದಲ್ಲಿ ಎಲ್ಲೋ ಇದೆ. ಅಲ್ಲಿಗೆ ಕ್ಯಾಮೆರಾ ಹೋಗಲಾರದು.

ನಮ್ಮ ಮನೆಯ ಫೋಟೋ ತೆಗೆದದ್ದು ಇಳಿಹೊತ್ತಿನಲ್ಲಿ. ಬೆಳಕು ಕಡಿಮೆಯಾಗಿತ್ತು. ಫೋಟೋದವನು ಮನೆಯವರಿಗೆಲ್ಲ ಅಲುಗಾಡಬೇಡಿ ಅಂತ ಹೇಳಿರುತ್ತಾನೆ. ಅವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದು ಮುಖ ನೋಡಿದರೇ ಗೊತ್ತಾಗುತ್ತದೆ. ಆ ಹೆಂಗಸಿಗೆ ಯಾರೂ ನಿಲ್ಲು ಅಂತ ಹೇಳಿರಲಿಲ್ಲ. ಸಂಜೆ ಗಾಳಿ ಬಿಟ್ಟಿತ್ತು, ಗಾಳಿ ಇರುವಾಗಲೇ ತೂರಬೇಕು. ಹಾಗಾಗಿ ಕೆಲಸ ನಿಲ್ಲಿಸಿದವರು ಚಿತ್ರದಲ್ಲಿ ನಿಚ್ಚಳವಾಗಿ ಉಳಿದರು, ಕೆಲಸ ಮಾಡುತ್ತಿದ್ದಾಕೆ ಮಸುಕಾದಳು. ಇದು ಹೊಳೆದ ದಿನ ನನಗೆ ಬಹಳ ಹೊತ್ತು ಬೇರೇನೂ ಮಾಡಲು ಆಗಲಿಲ್ಲ.

ಎರಡು ಅಧ್ಯಾಯಗಳ ನಡುವೆ

ಕಾರಂತರ 'ಮರಳಿ ಮಣ್ಣಿಗೆ'ಯನ್ನು ನಾನು ಮೊದಲು ಓದಿದ್ದು ರಾಯಚೂರಿನಲ್ಲಿ, ಹಾಸ್ಟೆಲ್‌ನಲ್ಲಿದ್ದಾಗ. ಏಪ್ರಿಲ್ ತಿಂಗಳು. ಆ ಊರಿನ ಬಿಸಿಲು ಗೊತ್ತಲ್ಲ, ರಾತ್ರಿ ಹತ್ತಾದರೂ ಗೋಡೆ ಮುಟ್ಟಲು ಆಗುವುದಿಲ್ಲ. ಮಾಳಿಗೆ ಮೇಲೆ ಚಾಪೆ ಒದ್ದೆ ಮಾಡಿ ಹಾಸಿಕೊಂಡು, ಬೀದಿ ದೀಪದ ಬೆಳಕಲ್ಲಿ ಓದುತ್ತಿದ್ದೆ. ನಾನು ಸಮುದ್ರ ನೋಡಿರಲಿಲ್ಲ. ಅಳಿವೆ ಅಂದರೇನು ಅಂತ ಗೊತ್ತಿರಲಿಲ್ಲ. ಮೂರು ತಿಂಗಳು ಬಿಡದೆ ಸುರಿಯುವ ಮಳೆಯನ್ನು ಊಹಿಸಲೂ ಆಗುತ್ತಿರಲಿಲ್ಲ. ಆದರೂ ಆ ಮನೆ ನನಗೆ ಗುರುತಿನ ಮನೆಯಂತೆಯೇ ಅನಿಸಿತು. ಪಾರೋತಿ, ಸರಸೋತಿ ಎಂಬ ಇಬ್ಬರು ಹೆಂಗಸರು ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಾರೆ. ಒಬ್ಬಳು ಮನೆಯ ಯಜಮಾನ ಐತಾಳರ ಹೆಂಡತಿ, ಇನ್ನೊಬ್ಬಳು ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲೇ ಉಳಿದ ತಂಗಿ. ಪುಟ ಪುಟ ಅವರ ದುಡಿಮೆಯೇ ಇದೆ. ಇವರಿಬ್ಬರ ಫೋಟೋ ತೆಗೆದಿದ್ದರೆ ಇಬ್ಬರೂ ಮಸುಕಾಗುತ್ತಿದ್ದರು ಅಂತ ಈಗ ಅನಿಸುತ್ತದೆ. ಕಾದಂಬರಿಗೆ ಆ ತೊಂದರೆ ಇಲ್ಲ. ಅಲುಗಾಡುವುದನ್ನೇ ಅದು ಹಿಡಿಯುತ್ತದೆ.

ಆ ಊರಿಗೆ ಬದಲಾವಣೆ ಬಂದದ್ದು ನೆರೆಮನೆಯಿಂದ. ಶೀನ ಮಯ್ಯರ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲ್ ಇಟ್ಟರು. ಆ ದುಡ್ಡು ಊರಿಗೆ ಬರತೊಡಗಿತು. ಐತಾಳರ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ತನ್ನ ಮಗ ಲಚ್ಚ ಇಂಗ್ಲಿಷ್ ಕಲಿಯಲಿ ಅಂತ ಕಳಿಸಿದರು. ಆ ಮಗನೇ ಮನೆಯನ್ನು ಮುಳುಗಿಸಿದ. ಅವನ ಹೆಂಡತಿ ನಾಗವೇಣಿ ಅದಕ್ಕೆಲ್ಲ ಬೆಲೆ ತೆತ್ತಳು. ಅವಳ ಮಗ ರಾಮ ಕಡೆಗೆ ಮಣ್ಣಿಗೆ ಮರಳಿದ. ಮೂರು ತಲೆಮಾರು. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ದೊಡ್ಡ ಘಟನೆಗಳಲ್ಲ. ಒಂದು ಅಧ್ಯಾಯ ಮುಗಿದು ಇನ್ನೊಂದು ಶುರುವಾಗುವಾಗ ನಡುವೆ ವರ್ಷಗಳು ಸದ್ದಿಲ್ಲದೆ ಕಳೆದಿರುತ್ತವೆ. ಆಚೆ ಪುಟದಲ್ಲಿ ಗಟ್ಟಿಯಾಗಿದ್ದ ಹೆಂಗಸು ಈಚೆ ಪುಟದಲ್ಲಿ ಮುದುಕಿ. ಯಾವ ದಿನ ಆಕೆ ಮುದುಕಿಯಾದಳು ಅಂತ ಯಾರಿಗೂ ಗೊತ್ತಿಲ್ಲ. ಮನೆಗಳು ಬದಲಾಗುವುದೂ ಹಾಗೇ ಅಲ್ವಾ.

ನಮ್ಮ ಊರಿಗೆ ಬದಲಾವಣೆ ಬಂದದ್ದು ಕಾಲುವೆಯಿಂದ. ಡ್ಯಾಂ ಕೆಲಸ ಶುರುವಾಗಿದ್ದು 1945ರಲ್ಲಿ. ಆಗ ಹೊಳೆಯ ಈಚೆ ದಡ ನಿಜಾಮನ ರಾಜ್ಯ, ಆಚೆ ದಡದ ಬಳ್ಳಾರಿ ಮದ್ರಾಸ್ ಪ್ರಾಂತ್ಯ. 1953ರ ಹೊತ್ತಿಗೆ ಕಾಲುವೆಗೆ ನೀರು ಬಂತು. ಮೇಲುಗಡೆ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಯಾದರು. ಕೆಳಗೆ ನಮ್ಮಂಥವರ ಹೊಲಕ್ಕೆ ನೀರು ಹರಿಯಿತು. ಲೆಕ್ಕದ ಪ್ರಕಾರ ಈ ನೀರಿನಲ್ಲಿ ಹೆಚ್ಚಿನ ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಯನ್ನೇ ಬೆಳೆಯಬೇಕಿತ್ತು. ನೆಲ್ಲಿಗೆ ಬಿಟ್ಟಿದ್ದು ಸ್ವಲ್ಪ ಜಾಗ. ಆದರೆ ಕಣ್ಣೆದುರು ನೀರು ಹರಿಯುವಾಗ ಯಾರು ಕೇಳುತ್ತಾರೆ. ಮೇಲಿನವರೆಲ್ಲ ನೆಲ್ಲು ಹಚ್ಚಿದರು. ಕಾಲುವೆಯ ಕೊನೆಯಲ್ಲಿರುವ ರಾಯಚೂರು ಕಡೆಯ ರೈತರು ಇವತ್ತಿಗೂ ನೀರಿಗಾಗಿ ರಸ್ತೆ ಮೇಲೆ ಕೂರುತ್ತಾರೆ. ನಮ್ಮ ರಾಶಿಯ ಹಿಂದೆ ಅವರ ಒಣಗಿದ ಹೊಲ ಇದೆ. ಇದನ್ನು ಹೇಳಲು ನನಗೆ ಕಷ್ಟವಾಗುತ್ತದೆ. ಆದರೂ ಹೇಳಬೇಕು.

ನಮ್ಮವರಿಗೆ ನೆಲ್ಲು ಬೆಳೆದು ಗೊತ್ತಿರಲಿಲ್ಲ. ಮಡಿ ಕಟ್ಟುವುದು, ಸಸಿ ಹಾಕುವುದು, ನಾಟಿ, ಎಲ್ಲ ಹೊಸದು. ಕೃಷ್ಣಾ, ಗೋದಾವರಿ ಸೀಮೆಯಿಂದ ಆಂಧ್ರದ ರೈತರು ಬಂದು ಭೂಮಿ ಕೊಂಡು ಕ್ಯಾಂಪು ಕಟ್ಟಿಕೊಂಡರು. ಅವರು ದುಡಿದರು, ನಮಗೂ ಕಲಿಸಿದರು. ನಮ್ಮವರಲ್ಲಿ ಎಷ್ಟೋ ಜನ ಅಗ್ಗಕ್ಕೆ ಹೊಲ ಮಾರಿ, ಆಮೇಲೆ ಅದೇ ಹೊಲಕ್ಕೆ ಕೂಲಿಗೆ ಹೋದರು. ತಾತನೂ ಆ ಫೋಟೋಕ್ಕೆ ಮೂರು ವರ್ಷ ಮೊದಲು ಕಾಲುವೆ ಮೇಲಿನ ಎಂಟು ಎಕರೆ ಮಾರಿದ್ದ. ಉಳಿದ ಹೊಲ ಸಮ ಮಾಡಿಸಲು ದುಡ್ಡು ಬೇಕಿತ್ತು. ರೇಡಿಯೋ, ಗಡಿಯಾರ ಎರಡೂ ಆ ದುಡ್ಡಿನವೇ ಅಂತ ಅಪ್ಪ ಹೇಳುತ್ತಾರೆ. ಫೋಟೋದಲ್ಲಿ ರೇಡಿಯೋ ಕಾಣುತ್ತದೆ, ಎಂಟು ಎಕರೆ ಕಾಣುವುದಿಲ್ಲ. ಆ ರಾಶಿ ಬಂದಮೇಲೆ ನಮ್ಮ ಮನೆಯಲ್ಲಿ ದಿನಾ ಅನ್ನ ಆಗತೊಡಗಿತು. ಮೊದಲು ಹಬ್ಬಕ್ಕೆ, ಬೀಗರು ಬಂದರೆ ಮಾತ್ರ ಅನ್ನ. ಈಗ ಬಿಳಿಜೋಳವನ್ನು ಅಂಗಡಿಯಿಂದ ತರುತ್ತೇವೆ. ರೊಟ್ಟಿ ಬಡಿಯುವ ಸದ್ದು ಯಾವ ವರ್ಷ ನಮ್ಮ ಮನೆಯಲ್ಲಿ ಕಡಿಮೆಯಾಯಿತು ಅಂತ ಅವ್ವನನ್ನು ಕೇಳಿದರೆ ಆಕೆಗೂ ಗೊತ್ತಿಲ್ಲ. ಇದಕ್ಕೇ ಬೇಕು ಕಾದಂಬರಿ. ಆ ಸದ್ದು ನಿಧಾನಕ್ಕೆ ಕಡಿಮೆಯಾದದ್ದನ್ನು ಬರೆಯಲು ಇನ್ನೂರು ಪುಟ ಬೇಕು.

ಹಾಗಂತ ಕಾದಂಬರಿಯೇ ದೊಡ್ಡದು, ಫೋಟೋ ಸಣ್ಣದು ಅಂತ ನಾನು ಒಪ್ಪುವುದಿಲ್ಲ. ಕೆಲವು ದಿನ ಹಾಗೆ ಅಂದುಕೊಂಡಿದ್ದೆ. ಆಮೇಲೆ ಯೋಚಿಸಿದರೆ, ಕಾದಂಬರಿಯೊಳಗೆ ಯಾರೂ ಆಕಸ್ಮಿಕವಾಗಿ ಬರಲಾರರು. ಬರೆಯುವವನಿಗೆ ಕಂಡವರು, ಅವನ ಮನಸ್ಸಿಗೆ ನಾಟಿದವರು ಮಾತ್ರ ಬರುತ್ತಾರೆ. ಕಾರಂತರಿಗೆ ಚೋಮ ಕಂಡ. 1933ರಷ್ಟು ಹಿಂದೆಯೇ ಅವನನ್ನು ಕಥೆಯ ನಡುವೆ ತಂದು ನಿಲ್ಲಿಸಿದರು. ಜೋಡಿ ಎತ್ತು ಇದ್ದರೂ ಉಳಲು ತುಂಡು ಭೂಮಿ ಸಿಗದ ಹೊಲೆಯ. ಅವನ ದುಡಿಯ ಸದ್ದು ಇವತ್ತಿಗೂ ಕೇಳುತ್ತದೆ. ಆದರೆ ಪ್ರತಿ ಊರಿನ ಚೋಮನಿಗೂ ಒಬ್ಬ ಕಾರಂತ ಸಿಗಲಿಲ್ಲ. ನಾನೇ 1969ರ ಕಣದ ಬಗ್ಗೆ ಕಾದಂಬರಿ ಬರೆದಿದ್ದರೆ ತಾತನ ಬಗ್ಗೆ ಬರೆಯುತ್ತಿದ್ದೆ, ಮಾರಿದ ಎಂಟು ಎಕರೆ ಬಗ್ಗೆ ಬರೆಯುತ್ತಿದ್ದೆ. ಬಲಗಡೆಯ ಆ ಹೆಂಗಸು ಒಂದು ಸಾಲಿಗೂ ಬರುತ್ತಿರಲಿಲ್ಲ. ಯಾಕೆಂದರೆ ಆಕೆ ಇದ್ದಾಳೆ ಅಂತಲೇ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿದ್ದು ಫೋಟೋ. ಫೋಟೋದವನೂ ಆಕೆಯನ್ನು ತೆಗೆಯಬೇಕು ಅಂದುಕೊಂಡಿರಲಿಲ್ಲ. ಕ್ಯಾಮೆರಾಕ್ಕೆ ಎದುರು ಬಂದದ್ದನ್ನು ಬಿಡಲು ಬರುವುದಿಲ್ಲ. ಅಷ್ಟರಮಟ್ಟಿಗೆ ಅದು ನಮಗಿಂತ ದೊಡ್ಡ ಮನಸ್ಸಿನದು.

19ನೇ ಗೇಟ್

ಬರೆಯುತ್ತಾ ಇನ್ನೊಂದು ನೆನಪಾಯಿತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಟ್ಟು 33 ಗೇಟುಗಳಲ್ಲಿ ಒಂದು. ಬೆಳಗಾಗುವುದರೊಳಗೆ ಕೊಪ್ಪಳ, ಬಳ್ಳಾರಿ, ರಾಯಚೂರು ಎಲ್ಲ ಕಡೆ ಮೊಬೈಲ್‌ನಲ್ಲಿ ಒಂದೇ ಚಿತ್ರ. ಬೆಳ್ಳಗೆ ನುಗ್ಗುವ ನೀರು, ಕೆಳಗೆ ಎದ್ದ ಹೊಗೆಯಂಥ ತುಂತುರು. ನನಗೇ ಹನ್ನೊಂದು ಜನ ಕಳಿಸಿದ್ದರು. ವಾರದ ಹೊತ್ತಿಗೆ ಹರಿಯುವ ನೀರಿನಲ್ಲೇ ಉಕ್ಕಿನ ತಡೆ ಇಳಿಸಿ ನೀರು ನಿಲ್ಲಿಸಿದರು. ಆ ಕೆಲಸ ಮಾಡಿದವರಿಗೆ ಈ ಕಡೆಯ ಜನ ಯಾವತ್ತೂ ಕೈ ಮುಗಿಯಬೇಕು. ಆದರೆ ಆ ವಾರದಲ್ಲಿ ನಾನು ಕಂಡದ್ದು ಯಾವ ಚಿತ್ರದಲ್ಲೂ ಇಲ್ಲ. ಆಗಷ್ಟೇ ನಾಟಿ ಮುಗಿದಿತ್ತು. ಅಪ್ಪ ದಿನಾ ಬೆಳಿಗ್ಗೆ ಎದ್ದು ಕಾಲುವೆ ಸೇತುವೆವರೆಗೆ ಹೋಗಿ, ಸುಮ್ನೆ ನೀರು ನೋಡಿಕೊಂಡು ಬರುತ್ತಿದ್ದರು. ಕಾಲುವೆ ತುಂಬಾ ನೀರಿತ್ತು. ಆದರೂ ನೋಡುತ್ತಿದ್ದರು. ಮನೆಗೆ ಬಂದು ಚಹಾ ಕುಡಿದು, ಏನೂ ಮಾತಾಡದೆ ಕೂರುತ್ತಿದ್ದರು. ಮುಂದೆ ಯಾರಾದರೂ ಆ ವಾರದ ಬಗ್ಗೆ ಕಾದಂಬರಿ ಬರೆದರೆ, ಆ ಸೇತುವೆ ಮೇಲೆ ನಿಂತ ಮುದುಕರು ಅದರಲ್ಲಿ ಇರಲಿ ಅಂತ ನನಗೆ ಆಸೆ.

ಅತ್ತೆ ಹೇಳಿದ್ದು

ಸೋದರತ್ತೆ ಈಗ ಸಿಂಧನೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಎಪ್ಪತ್ತರ ಹತ್ತಿರ. ಆ ಫೋಟೋದಲ್ಲಿ ಇದ್ದವರ ಪೈಕಿ ಉಳಿದವರು ಅಪ್ಪ ಮತ್ತು ಅತ್ತೆ ಇಬ್ಬರೇ. ಸಂಕ್ರಾಂತಿ ಕಳೆದ ಮೇಲೆ ಫೋಟೋವನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಹೋದೆ. ಅತ್ತೆ ಜಗಲಿಯ ಬಿಸಿಲಿಗೆ ಹಿಡಿದು ನೋಡಿದಳು. ಮೊದಲು ತನ್ನ ಜಡೆ ನೋಡಿ ನಕ್ಕಳು. ಆಮೇಲೆ ಬೆರಳಿನಿಂದ ತಾತನ ಮುಖ ಮುಟ್ಟಿದಳು. ನಾನು ಬಲಗಡೆ ತೋರಿಸಿದೆ.

"ಅತ್ತಿ, ಇಕಿ ಯಾರು?"

ಅತ್ತೆ ಬಹಳ ಹೊತ್ತು ಸುಮ್ಮನಿದ್ದಳು. "ಕುಷ್ಟಗಿ ಕಡೆಯಾಕಿ. ಗುಳೆ ಬಂದಿದ್ರು. ಆ ವರ್ಷ ಅವರ ಕಡಿ ಮಳಿ ಆಗಿದ್ದಿಲ್ಲ. ನೆಲ್ಲು ಕೊಯ್ಯಾಕ ನಮ್ಮ ಕಡಿ ಬಂದಿದ್ರು."

"ಹೆಸರು?"

"ಹೆಸರು ಯಾರು ಕೇಳ್ತಿದ್ರಪ್ಪ. ಕುಷ್ಟಗಿಯಾಕಿ ಅಂತಿದ್ವಿ."

ಗುಳೆ ಅಂದರೆ ಏನು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಅದೇ ಜಿಲ್ಲೆಯ ಒಣ ಭೂಮಿಯವರು ನೀರಿರುವ ಕಡೆಗೆ ಮನೆ ಮಂದಿ ಸಮೇತ ಹೋಗುವುದು. ಈಗ ಅವರು ಬೆಂಗಳೂರಿಗೆ ಹೋಗುತ್ತಾರೆ, ಕಟ್ಟಡ ಕೆಲಸಕ್ಕೆ. ನಮ್ಮ ಹೊಲಕ್ಕೆ ಈಗ ಕೊಯ್ಯುವ ಮಷಿನ್ ಬರುತ್ತದೆ, ಒಂದು ಎಕರೆ ನೋಡುನೋಡುತ್ತಲೇ ಮುಗಿಯುತ್ತದೆ. ಕಣವೂ ಇಲ್ಲ, ತೂರುವುದೂ ಇಲ್ಲ. ಹೊಲದಿಂದಲೇ ಲಾರಿ ತುಂಬುತ್ತದೆ. ಮರ ಹಿಡಿದು ತೂರುವ ಕೈ ಹೇಗೆ ಏಳುತ್ತಿತ್ತು ಅಂತ ನನ್ನ ತಂಗಿಯ ಮಗನಿಗೆ ತೋರಿಸಬೇಕೆಂದರೆ ನನ್ನ ಹತ್ತಿರ ಇರುವುದು ಆ ಮಸುಕು ಒಂದೇ.

ಅಷ್ಟರಲ್ಲಿ ಅತ್ತೆ ಫೋಟೋವನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು. "ಜಾಲಿ ಗಿಡ ಎಲ್ಲೈತಿ ನೋಡಪ್ಪ ಇದರಾಗ" ಅಂದಳು. ತಾತನ ಕುರ್ಚಿ ಹಿಂದೆ, ದೂರದಲ್ಲಿ ಒಂದು ಗಿಡ ಇದೆ. ಅದರ ಕೊಂಬೆಯಿಂದ ಏನೋ ಜೋತುಬಿದ್ದಿದೆ. ಅದು ಆಳುಗಳ ಬುತ್ತಿ ಗಂಟು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು.

"ಬುತ್ತಿ ಅಲ್ಲ ಅದು. ಅಕಿ ಕೂಸು. ಸೀರಿ ಜೋಳಿಗಿ ಕಟ್ಟಿ ಮಲಗಿಸ್ತಿದ್ಲು. ಅಳ್ತಿತ್ತಂದ್ರ ನಾನೇ ಹೋಗಿ ತೂಗ್ತಿದ್ದೆ. ಆವತ್ತು ಫೋಟೋ ಹಿಡಿಸ್ತಾರಂತ ನಾ ಈ ಕಡಿ ಓಡಿ ಬಂದೆ. ಅದು ಅಳಾಕತ್ತಿತ್ತು. ಅಕಿ ಬಿಟ್ಟು ಬರಂಗಿದ್ದಿಲ್ಲ, ಗಾಳಿ ನಿಂತು ಹೋಗ್ತದಲ್ಲ."

ನಾನು ಮೊಬೈಲ್ ಬೆಳಕು ಬಿಟ್ಟು ನೋಡಿದೆ. ಗಿಡದ ಕಾಂಡ ನಿಚ್ಚಳವಾಗಿದೆ. ಜೋಳಿಗೆ ಮಾತ್ರ ಸ್ವಲ್ಪ ಮಸುಕು. ಇನ್ನೂ ತೂಗುತ್ತಿತ್ತೋ, ಒಳಗಿನ ಕೂಸು ಕಾಲು ಒದೆಯುತ್ತಿತ್ತೋ.

ಅತ್ತೆ ಸೆರಗಿನಿಂದ ಗಾಜು ಒರೆಸಿದಳು. ಬೆರಳು ಮಡಿಚಿ ಏನೋ ಲೆಕ್ಕ ಹಾಕಿದಳು. "ಹೆಣ್ಣು ಕೂಸು. ಈಗ ಅದಕ್ಕ ಐವತ್ತಾರೋ ಐವತ್ತೇಳೋ ಆಗಿರಬೇಕು ನೋಡು" ಅಂದಳು.